ನಾಲ್ಕು ತೋಳಿನ ಅಂಗಿ

ಹೈಸ್ಕೂಲಿನ ಪರೀಕ್ಷೆಯಲ್ಲಿ ಒಮ್ಮೆ ‘ಜಾಗತೀಕರಣ ಎಂದರೇನು? ಉದಾಹರಣೆ ಸಹಿತ ವಿವರಿಸಿ’ ಎಂಬ ಪ್ರಶ್ನೆ ಬಂದಿತ್ತು. ಆ ಪಾಠವನ್ನು ನಾನು ಓದಿರಲಿಲ್ಲ. ಆದರೆ ಪದ ಬಿಡಿಸಿ ಅರ್ಥ ಹೇಳುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಸೊಕ್ಕು ಇತ್ತು. ‘ಜಾಗ’ ಅಂದರೆ ಗೊತ್ತು. ‘ತೀಕರಣ’ ಅಂದರೆ ತೆಗೆಯುವುದೋ ತೀರಿಸುವುದೋ, ಏನೋ ಒಂದು ಇರಬೇಕು. ‘ಜಾಗತೀಕರಣ ಎಂದರೆ ಕೂತವರನ್ನು ಎಬ್ಬಿಸಿ ಜಾಗ ಖಾಲಿ ಮಾಡಿಸುವುದು. ಉದಾಹರಣೆ: ನಮ್ಮ ಅತ್ತೆ’ ಎಂದು ಬರೆದು, ಕೆಳಗೆ ಗೆರೆ ಬೇರೆ ಎಳೆದೆ. ಮೇಷ್ಟ್ರು ಅದನ್ನು ಇಡೀ ತರಗತಿಗೆ ಓದಿ ಹೇಳಿದರು. ಹೈಸ್ಕೂಲು ಮುಗಿಯುವ ತನಕ ನನ್ನ ಹೆಸರು ‘ಜಾಗ ಖಾಲಿ’ ಎಂದೇ ಉಳಿಯಿತು.

ಅತ್ತೆಯ ಹತ್ತಿರ ಅಳುತ್ತಾ ಹೇಳಿಕೊಂಡರೆ ಅವಳು ಹಲ್ಲಿನಲ್ಲಿ ದಾರ ಕಡಿಯುತ್ತಾ, “ತಪ್ಪೇನು ಬರ್ದಿದೀಯ? ಉದಾಹರಣೆಗಾದ್ರೂ ಅರ್ಧ ಮಾರ್ಕ್ಸ್ ಕೊಡ್ಬೇಕಿತ್ತು” ಅಂದಳು.

ಈಗ ನನಗೆ ಸಂಬಳ ಕೊಡುವುದೂ ಅದೇ ಜಾಗತೀಕರಣ. ಹಡಗಿನಿಂದ ಇಳಿದ ಕಂಟೇನರುಗಳ ನಂಬರನ್ನು ಒಂದು ಕಂಪ್ಯೂಟರಿನಲ್ಲಿ ನೋಡಿ ಇನ್ನೊಂದು ಕಂಪ್ಯೂಟರಿಗೆ ಒತ್ತುವುದು ನನ್ನ ಉದ್ಯೋಗ. ಆ ಎರಡಕ್ಕೂ ಒಂದು ತಂತಿ ಹಾಕಿದರೆ ಸಾಕು ಎಂಬುದು ಇನ್ನೂ ಯಾರಿಗೂ ಹೊಳೆದಿಲ್ಲ. ಹೊಳೆದ ದಿನ ನಾನೂ ಜಾಗ ಖಾಲಿ. ಇರಲಿ, ಈ ಕಥೆಯಲ್ಲಿ ನನಗೆ ಚೀಲ ಹಿಡಿದು ನಿಲ್ಲುವುದಕ್ಕಿಂತ ದೊಡ್ಡ ಪಾತ್ರವಿಲ್ಲ. ಕಥೆ ಅತ್ತೆಯದು, ಅಂದರೆ ನಮ್ಮಪ್ಪನ ಅಕ್ಕನದು.

ಅತ್ತೆ ಮೊದಲು ದರ್ಜಿಯಾಗಿದ್ದಳು. ಮಹಡಿ ಮೆಟ್ಟಿಲ ಕೆಳಗಿನ ಒಂದೇ ಬಾಗಿಲಿನ ಕೋಣೆ, ಕಾಲಲ್ಲಿ ತುಳಿಯುವ ಮೆಷಿನ್ನು, ಸೀಮೆಸುಣ್ಣದ ಗೀಟುಗಳಿಂದ ಬೆಳ್ಳಗಾದ ಮೇಜು. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತಿದ್ದುದರಿಂದ ಗಿರಾಕಿಗಳೆಲ್ಲ ಅಲ್ಲಿ ಬಗ್ಗಿಯೇ ಮಾತಾಡುತ್ತಿದ್ದರು. “ಎಂಥಾ ದೊಡ್ಡ ಆಫೀಸರ್ ಬಂದ್ರೂ ನನ್ನ ಮುಂದೆ ತಲೆ ತಗ್ಗಿಸ್ಲೇಬೇಕು” ಎಂದು ಅತ್ತೆ ನಗುತ್ತಿದ್ದಳು. ಅವಳು ಹೊಲಿದ ಕಾಲರು ಬಟ್ಟೆ ಜೀರ್ಣವಾದರೂ ಮಡಚಿಕೊಳ್ಳುತ್ತಿರಲಿಲ್ಲ. ಗಂಡ ಬೇಗ ತೀರಿಕೊಂಡ, ಮೆಷಿನ್ನು ನಿಲ್ಲಲಿಲ್ಲ.

ಒಂದು ದಿನ ಹಳೆ ಗಿರಾಕಿಯೊಬ್ಬ ಹೊಸ ಕೋಟು ಹಾಕಿಕೊಂಡು ಬಂದ. ತೋಳು ಉದ್ದ ಆಗಿದೆ, ಸ್ವಲ್ಪ ಗಿಡ್ಡ ಮಾಡಿಕೊಡಬೇಕು, ಅಷ್ಟೇ ಅಂದ. ಅತ್ತೆ ಹೊಲಿಗೆ ಬಿಚ್ಚಿ ಒಳಗೆ ನೋಡಿದಳು. ಅಸ್ತರು ನೀರಿನ ಹಾಗೆ ಜಾರುತ್ತಿತ್ತು, ಗುಂಡಿಯ ಹಿಂದೆ ಪುಟ್ಟದೊಂದು ಆಸರೆ ಗುಂಡಿ ಬೇರೆ. ಯಾರು ಹೊಲಿದದ್ದು ಎಂದು ಕೇಳಿದಳು. ಯಾವುದೋ ದೇಶದಲ್ಲಿ ಯಾರೋ ತೊಟ್ಟು ಬಿಟ್ಟದ್ದು, ಮೂಟೆ ಮಾರ್ಕೆಟ್ಟಿನಲ್ಲಿ ಸಿಕ್ಕಿತು ಅಂದ ಅವನು. ಬೆಲೆ ಕೇಳಿ ಅತ್ತೆಯ ಕೈ ಮೇಜಿನ ಮೇಲೆಯೇ ನಿಂತುಬಿಟ್ಟಿತು. ಅವಳ ಬರೀ ಹೊಲಿಗೆ ಕೂಲಿಗಿಂತ ಆ ಇಡೀ ಕೋಟು ಅಗ್ಗ.

ಆಮೇಲೆ ಬಂದವರೆಲ್ಲ ತೋಳು ಗಿಡ್ಡ ಮಾಡಿಸುವವರೇ. ಅಂಗಿ ಹೊಲಿಸುವವರು ಯಾರೂ ಬರಲಿಲ್ಲ. ಬೀದಿಯ ಬೇರೆ ದರ್ಜಿಗಳು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು; ಅತ್ತೆಯದು ಕೊನೆಯ ಬಾಗಿಲು. ನಮ್ಮಪ್ಪ ಬಂದು, “ಅಕ್ಕ, ನಮ್ಮನೆಗೆ ಬಂದು ಇದ್ದುಬಿಡು” ಅಂದ.

“ಬಂದು? ನಿನ್ನ ಹೆಂಡ್ತಿ ತೊಳೆದಿಟ್ಟ ಪಾತ್ರೆನ ಇನ್ನೊಂದ್ಸಲ ತೊಳೀಲಾ? ನನ್ನ ಕತ್ತರಿ ಇನ್ನೂ ಮೊಂಡಾಗಿಲ್ಲ ಕಣೋ.”

“ಮತ್ತೇನು ಮಾಡ್ತೀಯ?”

“ಮೂಟೆ ಮಾರ್ಕೆಟ್ಟಲ್ಲಿ ಜಾಗ ಕೇಳಿದೀನಿ.”

ಅಪ್ಪನಿಗೆ ತಲೆ ಕೆಟ್ಟಿತು. “ಹೊಡೆದ ಕೋಲಿನ ಹತ್ರಾನೇ ಹೋಗಿ ಕೂತ್ಕೋತೀಯಾ?”

“ಕೋಲು ಕಣ್ಣಿಗೆ ಕಾಣ್ತಾ ಇದ್ರೆ ಮುಂದಿನ ಏಟು ತಪ್ಪಿಸ್ಕೋಬೋದು” ಅಂದಳು ಅತ್ತೆ. ಮುಂದಿನ ವಾರವೇ ಮೆಷಿನ್ನಿಗೆ ಹಳೆ ಸೀರೆ ಹೊದಿಸಿ, ಕತ್ತರಿಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಮೂಟೆ ಮಾರ್ಕೆಟ್ಟು ಅಂದರೆ ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ನೆಲದ ಮೇಲೆ ಬಣ್ಣದ ಗೀಟು ಹಾಕಿ ಜಾಗ ಹಂಚಿದ್ದರು, ಒಬ್ಬೊಬ್ಬರಿಗೆ ಮಂಚದಗಲ. ಜಾಗದ ಮೇಲೆ ಯಾರಿಗೂ ಹಕ್ಕಿಲ್ಲ. ವರ್ತಕರ ಸಂಘ ಕೂರು ಅಂದರೆ ಕೂರಬೇಕು, ಏಳು ಅಂದರೆ ಏಳಬೇಕು. ಅಲ್ಲಿ ಮಾರುವುದು ಬಟ್ಟೆ ಅಲ್ಲ, ಮೂಟೆ. ಮೆಷಿನ್ನಿನಲ್ಲಿ ಒತ್ತಿ, ಬಿಳಿ ಪ್ಲಾಸ್ಟಿಕ್ಕು ಸುತ್ತಿ, ಮೇಲೆ ಗಟ್ಟಿ ಪಟ್ಟಿ ಬಿಗಿದ ಮೂಟೆ. ‘ಮಕ್ಕಳ ಸ್ವೆಟರ್’, ‘ಗಂಡಸರ ಪ್ಯಾಂಟ್’ ಎಂದು ಹೊರಗೆ ಬರೆದಿರುತ್ತಿತ್ತು. ಒಳಗೇನಿದೆ ಎಂದು ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವನಿಗೂ ಗೊತ್ತಿಲ್ಲ. ಮಾರ್ಕೆಟ್ಟಿಗೆಲ್ಲ ಒಂದೇ ಒಂದು ಕಾನೂನು: ಪಟ್ಟಿ ಕತ್ತರಿಸಿದ ಮೇಲೆ ಪಂಚಾಯ್ತಿ ಇಲ್ಲ. ಕಾಸು ಕೊಟ್ಟ ಮೇಲೆ ಒಳಗಿಂದ ರೇಷ್ಮೆ ಬಂದರೆ ನಿನ್ನ ಪುಣ್ಯ, ಚಿಂದಿ ಬಂದರೆ ನಿನ್ನ ಕರ್ಮ. ಮುಚ್ಚಿದ ಮುಷ್ಟಿಯಲ್ಲಿ ಏನೂ ಇಲ್ಲದಿದ್ದರೂ ಲಕ್ಷ ಇದ್ದ ಹಾಗೆ ಅಂತಾರಲ್ಲ, ಅಲ್ಲಿನ ವ್ಯಾಪಾರವೆಲ್ಲ ಮುಚ್ಚಿದ ಮುಷ್ಟಿಯದೇ.

ಸಂಘದ ಅಧ್ಯಕ್ಷರು ಇದನ್ನು ‘ನಂಬಿಕೆ’ ಎಂದು ಕರೆಯುತ್ತಿದ್ದರು. ಅವರ ತಂದೆಯೂ ಅಧ್ಯಕ್ಷರಾಗಿದ್ದವರು. ಕುರ್ಚಿಯನ್ನೂ ಕಾನೂನನ್ನೂ ಒಟ್ಟಿಗೆ ಮಗನಿಗೆ ಬಿಟ್ಟು ಹೋಗಿದ್ದರು.

ಅತ್ತೆಯೂ ಮೊದಮೊದಲು ಹಾಗೇ ಮಾರಿದಳು. ಆದರೆ ಒಂದು ವಿಷಯ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಕೊಳ್ಳಲು ಬರುವವರ ಮುಖ ಬಟ್ಟೆ ಕೊಳ್ಳುವವರ ಮುಖದಂತಿರಲಿಲ್ಲ, ಇಸ್ಪೀಟಾಡುವವರ ಮುಖದಂತಿತ್ತು. ಒಂದು ಮೂಟೆ ಕೈಕೊಟ್ಟರೆ ಅವರು ತಿಂಗಳುಗಟ್ಟಲೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಬಂದರೂ, ನಾಳೆಯ ನಷ್ಟವನ್ನು ಇವತ್ತೇ ಲೆಕ್ಕದಲ್ಲಿ ಕಳೆದು ಬೆಲೆ ಕೇಳುತ್ತಿದ್ದರು. ಅವಳು ಬಂದಾಗ ಎಷ್ಟು ಸಾಲು ಇದ್ದವೋ ವರ್ಷಗಳ ಮೇಲೂ ಅಷ್ಟೇ ಸಾಲು. ಒಂದು ಗೀಟು ಹೆಚ್ಚಾಗಲಿಲ್ಲ.

ಗೋದಾಮಿನ ಯಜಮಾನರನ್ನು, ಅಂದರೆ ಬಂದರಿನಿಂದ ಮೂಟೆ ತರಿಸಿ ಇವರಿಗೆಲ್ಲ ಹಂಚುವವರನ್ನು, ಅವಳು ಒಮ್ಮೆ ಕೇಳಿಯೇ ಬಿಟ್ಟಳು: “ಯಜಮಾನ್ರೇ, ಒಳ್ಳೆ ಮೂಟೆ ಬರೋದೇ ಇಲ್ವಾ?”

“ಬರುತ್ತಮ್ಮ. ಬೇರೆ ಊರಿಗೆ ಹೋಗುತ್ತೆ” ಎಂದು ಅವರು ನಕ್ಕರು. “ಒಳ್ಳೇದಕ್ಕೂ ಹಾಳಿಗೂ ಒಂದೇ ಬೆಲೆ ಸಿಗೋ ಕಡೆ ಒಳ್ಳೇದನ್ನ ಯಾವ ಪೆದ್ದ ಕಳಿಸ್ತಾನೆ?”

ಅವರು ತಮಾಷೆಗೆ ಹೇಳಿದ್ದು. ಅತ್ತೆಗೆ ಮಾತ್ರ ಅದು ಕಾಲರಿನೊಳಗೆ ಉಳಿದ ಗುಂಡುಸೂಜಿಯಾಯಿತು. ತಲೆ ತಿರುಗಿಸಿದಾಗೆಲ್ಲ ಚುಚ್ಚುತ್ತಿತ್ತು.

ತಳ್ಳುಗಾಡಿಯಲ್ಲಿ ಬಟ್ಟೆ ಇಟ್ಟುಕೊಂಡು ಓಣಿ ಓಣಿ ಮಾರುವ ಹೆಂಗಸೊಬ್ಬಳು ಇದ್ದಳು. ಅವಳು ಅತ್ತೆಯ ಹತ್ತಿರ ‘ಮಕ್ಕಳ ಕೋಟು’ ಎಂದು ಬರೆದ ಮೂಟೆ ಕೊಂಡಳು. ಚಳಿ ಶುರುವಾಗುವ ಹೊತ್ತು. ಇದ್ದಬದ್ದದ್ದನ್ನೆಲ್ಲ ಆ ಒಂದು ಮೂಟೆಗೆ ಸುರಿದಿದ್ದಳು. ಹೋದ ಸ್ವಲ್ಪ ಹೊತ್ತಿಗೇ ಗಾಡಿ ತಳ್ಳಿಕೊಂಡು ವಾಪಸು ಬಂದಳು.

“ಅಕ್ಕ, ಇದನ್ನ ಹೇಗೆ ಹಾಕೋದು ಅಂತ ಸ್ವಲ್ಪ ಹೇಳಿಕೊಡಿ.”

ಅತ್ತೆ ಒಂದು ಕೋಟು ಎತ್ತಿ ಹಿಡಿದಳು. ಕೆಂಪು ಬಟ್ಟೆ, ಒಳಗೆ ಮೆತ್ತನೆ ಅಸ್ತರು, ಕತ್ತಿನ ಸುತ್ತ ತುಪ್ಪಳ. ತೋಳು ಮಾತ್ರ ನಾಲ್ಕು. ಇನ್ನೊಂದು ಎತ್ತಿದಳು, ಅದಕ್ಕೂ ನಾಲ್ಕು.

“ಯಾವ ದರ್ಜಿನಪ್ಪ ಇವನು! ಕುಡ್ಕೊಂಡು ಮೆಷಿನ್ ತುಳಿದಿದಾನಾ?” ಅತ್ತೆಗೆ ಕಸುಬಿನ ಸಿಟ್ಟು ಬಂತು. “ಒಂದು ಹಾಳಾಗಬಹುದು. ಮೂಟೆ ಪೂರ್ತಿ?”

ಪಕ್ಕದ ಜಾಗದಲ್ಲಿ ಸ್ವೆಟರ್ ಮೂಟೆ ಮಾರುವ ಸ್ವೆಟರಣ್ಣ ತನ್ನ ಮೂಟೆಯ ಮೇಲಿಂದಲೇ ಕತ್ತು ಚಾಚಿದ. “ಅವಳಿಜವಳಿಗೆ ಇರ್ಬೇಕು ಬಿಡಿ ಟೇಲರಕ್ಕ. ಇಬ್ಬರಿಗೂ ಒಂದೇ ಕೋಟು, ಬಟ್ಟೆ ಉಳಿತಾಯ.”

“ತಲೆ ಹಾಕೋಕೆ ಇರೋದು ಒಂದೇ ತೂತು ಕಣಯ್ಯ.”

“ಹಾಗಾದ್ರೆ ಎರಡು ತೋಳು ಎಕ್ಸ್‌ಟ್ರಾ. ಒಂದು ಜೊತೆ ಹರಿದ್ರೆ ಇನ್ನೊಂದು.”

ಅತ್ತೆ ತಿರುಗಿಸಿ ತಿರುಗಿಸಿ ನೋಡಿದಳು. ತೋಳುಗಳೆಲ್ಲ ಹೊಟ್ಟೆಯ ಕಡೆಗೇ ಇದ್ದವು. ಬೆನ್ನ ಮೇಲೊಂದು ಪುಟ್ಟ ಕಂಡಿ, ಹಗ್ಗ ತೂರಿಸಲು ಬಿಟ್ಟ ಹಾಗೆ. ಹೊಲಿಗೆಯಲ್ಲಿ ಒಂದೇ ಒಂದು ತಪ್ಪಿಲ್ಲ. ಅಷ್ಟರಲ್ಲಿ ಸ್ವೆಟರಣ್ಣನಿಗೆ ಏನು ಹೊಳೆಯಿತೋ, ಶೆಡ್ಡಿನ ಮೂಲೆಯಲ್ಲಿ ಮಲಗಿದ್ದ ಮಾರ್ಕೆಟ್ಟಿನ ನಾಯಿಯನ್ನು ಎತ್ತಿಕೊಂಡು ಬಂದು ಅದರ ಒಂದೊಂದೇ ಕಾಲನ್ನು ತೂರಿಸಿದ. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ನಾಯಿ ಒಮ್ಮೆ ಮೈ ಕೊಡವಿ, ಸಂಘದ ಸದಸ್ಯನ ಗತ್ತಿನಲ್ಲಿ ಸಾಲಿನ ನಡುವೆ ನಡೆದು ಹೋಯಿತು. ಇಡೀ ಮಾರ್ಕೆಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಗಾಡಿಯವಳು ನಗಲಿಲ್ಲ. “ನಾಯಿಗೆ ಸರಿಹೋಯ್ತಕ್ಕ. ನನ್ನ ಮಕ್ಕಳ ಹೊಟ್ಟೆಗೆ ಏನು ಹಾಕ್ಲಿ?” ಅಂದಳು.

ಅತ್ತೆಯ ನಗು ಅಲ್ಲಿಗೇ ನಿಂತಿತು. ನಾಯಿಗೆ ಅಸ್ತರು ಹಾಕಿ ಕೋಟು ಹೊಲಿಸುವ ಜನ ಎಲ್ಲೋ ಇದ್ದಾರೆ, ಅದಿರಲಿ, ಅವರ ನಾಯಿ ಬೆಚ್ಚಗಿರಲಿ. ಆದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೊಳ್ಳು ಎಂದು ಈ ಹೆಂಗಸಿಗೆ ಹೇಳಿದವರು ಆ ಜನವಲ್ಲವಲ್ಲ? ಹೇಳಿದವಳು ತಾನು.

ಮೂಟೆ ವಾಪಸು ತೆಗೆದುಕೊಂಡಳು. ಬೇರೊಂದು ಮೂಟೆಯನ್ನು ಮುಂದೆ ಎಳೆದು, ಸೊಂಟದ ಕತ್ತರಿ ತೆಗೆದು, ಕೊಡುವ ಮೊದಲೇ ಅದರ ಪಟ್ಟಿ ಕತ್ತರಿಸಿದಳು. ಟಪ್ಪೆಂದು ಸದ್ದಾಯಿತು, ನಗುತ್ತಿದ್ದವರೆಲ್ಲ ತಿರುಗಿ ನೋಡಿದರು. “ನೋಡ್ಕೋ. ಮುಟ್ಟಿ ನೋಡು. ಬೇಕಾದ್ರೆ ತಗೋ” ಅಂದಳು.

ಮರುದಿನ ಬೆಳಗ್ಗೆ ಬಂದವಳೇ ತನ್ನ ಜಾಗದಲ್ಲಿದ್ದ ಮೂಟೆಗಳನ್ನೆಲ್ಲ ಬಿಚ್ಚಿ ಮೂರು ರಾಶಿ ಮಾಡಿದಳು: ಒಳ್ಳೇದು, ಸುಮಾರು, ಒರೆಸೋ ಬಟ್ಟೆ. ಮೂರಕ್ಕೂ ಬೇರೆ ಬೇರೆ ಬೆಲೆ. ತಲೆಯ ಮೇಲಿನ ತಂತಿಗೆ ಆ ನಾಲ್ಕು ತೋಳಿನ ಕೆಂಪು ಅಂಗಿಯೊಂದನ್ನು ನೇತು ಹಾಕಿದಳು. ಯಾರಾದರೂ ಅದೇನೆಂದು ಕೇಳಿದರೆ, “ಮೂಟೆ ಬಿಚ್ಚದೆ ಕೊಂಡೋರಿಗೆ ಫ್ರೀ” ಅನ್ನುತ್ತಿದ್ದಳು.

ಗೋದಾಮಿನಲ್ಲಿ ದೊಡ್ಡ ಜಗಳವೇ ಆಯಿತು. ಅವಳು ಕಾಸು ಕೊಡುವ ಮೊದಲೇ ಬಾಗಿಲಲ್ಲಿ ಪಟ್ಟಿ ಕತ್ತರಿಸುತ್ತೇನೆ ಅಂದಳು. ಯಜಮಾನರು, “ನಮ್ಮಲ್ಲಿ ಹಾಗೆ ಪದ್ಧತಿ ಇಲ್ಲಮ್ಮ” ಅಂದರು.

“ನೀವೇ ಹೇಳಿದ್ರಿ, ಒಳ್ಳೇದಕ್ಕೆ ಒಳ್ಳೆ ಬೆಲೆ ಸಿಗೋ ಕಡೆಗೆ ಒಳ್ಳೇದು ಹೋಗುತ್ತೆ ಅಂತ. ನಾನು ಒಳ್ಳೆ ಬೆಲೆ ಕೊಡ್ತೀನಿ. ಕಣ್ಣು ಮುಚ್ಕೊಂಡು ಕೊಡಲ್ಲ, ಅಷ್ಟೇ.”

ಯಜಮಾನರು ಬಿಲ್‌ಕುಲ್ ಆಗಲ್ಲ ಅಂದರು. ಇದ್ದದ್ದು ಮಾರಿ ಮುಗಿದ ಮೇಲೆ ತಿಂಗಳುಗಟ್ಟಲೆ ಅವಳಿಗೆ ಮೂಟೆಯೇ ಸಿಗಲಿಲ್ಲ. ಮಂಚದಗಲದ ಜಾಗದಲ್ಲಿ ಒಂದು ನಾಲ್ಕು ತೋಳಿನ ಅಂಗಿ, ಅದರ ಕೆಳಗೆ ಒಬ್ಬ ಹೆಂಗಸು, ಇನ್ನೇನೂ ಇಲ್ಲ. ಸ್ವೆಟರಣ್ಣ, “ಟೇಲರಕ್ಕ, ಗಾಳಿ ಮಾರ್ತಿದೀರಾ? ಅದನ್ನಾದ್ರೂ ಬಿಚ್ಚಿ ತೋರಿಸಿ” ಎಂದು ಕಿಚಾಯಿಸಿದ. ಅವಳು ಜಾಗ ಬಿಟ್ಟು ಏಳಲಿಲ್ಲ. ಕೊನೆಗೆ ಮಳೆಗಾಲ ಬಂದು ಮಾರ್ಕೆಟ್ಟು ಮಂಕಾದಾಗ ಗೋದಾಮಿನಲ್ಲಿ ಮಾಲು ಮುಗ್ಗಲು ಹಿಡಿಯತೊಡಗಿತು. ಯಜಮಾನರೇ ಹೇಳಿ ಕಳಿಸಿದರು: “ಬಂದು ಕತ್ತರಿಸ್ಕೊಂಡು ಹೋಗು ಮಾರಾಯ್ತಿ.”

ಅಲ್ಲಿಂದ ಮುಂದೆ ನಡೆದದ್ದು ನಿಧಾನಕ್ಕೆ, ಬೀಜ ಮೊಳೆತ ಹಾಗೆ. ಗಾಡಿಯವಳು ವಾರ ವಾರ ಬಂದಳು. ಬೇರೆ ಊರಿನವರನ್ನೂ ಕರೆತಂದಳು. ನೋಡಿ ಕೊಳ್ಳಬಹುದು ಎಂದು ಗೊತ್ತಾದ ಮೇಲೆ ಜನ ಬೆಲೆ ಕಡಿಮೆ ಕೇಳುವುದನ್ನು ಬಿಟ್ಟರು. ಬೆಲೆ ಸಿಕ್ಕಿತು ಎಂದು ಗೋದಾಮಿಗೆ ಒಳ್ಳೆ ಮೂಟೆ ಬರತೊಡಗಿತು. ತೋಳು ಗಿಡ್ಡ ಮಾಡಲು, ಜಿಪ್ಪು ಬದಲಿಸಲು ಕೈ ಬೇಕಾಯಿತು. ಅತ್ತೆ ತನ್ನ ಬೀದಿಯ ಹಳೆಯ ದರ್ಜಿಗಳ ಮನೆ ಮನೆಗೆ ಹೋಗಿ, “ಎದ್ದೇಳ್ರೋ, ತುಕ್ಕು ಹಿಡೀತಾ ಕೂತಿರೋದು ಸಾಕು” ಎಂದು ಎಬ್ಬಿಸಿಕೊಂಡು ಬಂದಳು. ಶೆಡ್ಡಿನ ಹೊರಗೆ ಮೆಷಿನ್ನುಗಳ ಸಾಲು ಕೂತಿತು. ಅವರಿಗೆ ಚಹಾ ಮಾರುವವನು ಬಂದ. ದೂರದಿಂದ ಬರುವ ವ್ಯಾಪಾರಿಗಳಿಗೆ ಎದುರಿನ ಮಹಡಿಯಲ್ಲಿ ರೂಮು ಬಾಡಿಗೆಗೆ ಸಿಗತೊಡಗಿತು. ನಮ್ಮ ಕಚೇರಿಯ ಸಾಹೇಬರು ಇಂಥದ್ದನ್ನು ‘ಬೆಳವಣಿಗೆ’ ಎಂದು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸುತ್ತಾರೆ. ಗೀಟೊಂದು ಎಡಗಡೆಯಿಂದ ಮೇಲೇರುತ್ತಾ ಹೋಗುತ್ತದೆ. ಆ ಗೀಟಿನ ಬುಡದಲ್ಲಿ ಕತ್ತರಿ ಹಿಡಿದು ಕೂತವರು ಯಾರು ಎಂದು ಮಾತ್ರ ತೋರಿಸುವುದಿಲ್ಲ. ನಾನಂತೂ ಪ್ರತಿ ಸಲ ತಲೆಯಾಡಿಸಿ ಬರುತ್ತೇನೆ. ಸಂಬಳ ಅದಕ್ಕೇ ತಾನೆ.

ಸಂಘಕ್ಕೆ ಇದನ್ನು ಸಹಿಸಲಾಗಲಿಲ್ಲ. ಬೇರೆಯವರ ಮುಚ್ಚಿದ ಮೂಟೆ ಹಾಗೇ ಉಳಿಯುತ್ತಿತ್ತು. ಕೊಳ್ಳುವವರು ಅವರ ಜಾಗದ ಮುಂದೆ ನಿಂತು, “ನಾಲ್ಕು ತೋಳಿನಂಗಡೀಲಿ ಬಿಚ್ಚಿ ತೋರಿಸ್ತಾರಲ್ಲ, ನಿಮಗೇನು ಕಷ್ಟ?” ಎಂದು ಕೇಳತೊಡಗಿದ್ದರು. ಕಷ್ಟ ಏನು ಎಂದು ಎಲ್ಲರಿಗೂ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವ ಬದಲು ಇಲಿಗಳೆಲ್ಲ ಸೇರಿ ಗಂಟೆಯನ್ನೇ ಹೂತುಬಿಡೋಣ ಎಂದು ತೀರ್ಮಾನ ಮಾಡಿದವು. ಅತ್ತೆಗೆ ಕರೆ ಬಂತು: ಸಭೆಗೆ ಬರಬೇಕು. ಇನ್ನು ಮುಂದೆ ಮೂಟೆ ಬಿಚ್ಚುವುದಿಲ್ಲ ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು. ಇಲ್ಲವೆಂದರೆ ಜಾಗ ಖಾಲಿ ಮಾಡಬೇಕು.

ನನ್ನ ಅಡ್ಡಹೆಸರು ಕೊನೆಗೂ ಅತ್ತೆಯ ಮೈಮೇಲೆಯೇ ಬಂದು ಬಿತ್ತು. ನಾನು ರಜೆ ಹಾಕಿ, ‘ಪಾರದರ್ಶಕತೆ’, ‘ಗ್ರಾಹಕ ಸ್ನೇಹಿ’ ಎಂಬ ಪದಗಳಿರುವ ಭಾಷಣವೊಂದನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಅತ್ತೆ ಬಾಗಿಲಲ್ಲೇ ಅದನ್ನು ಎರಡು ವಾಕ್ಯ ಕೇಳಿ, “ಅಳಿಮಯ್ಯ, ನೀನು ನನ್ನ ಚೀಲ ಹಿಡ್ಕೊಂಡು ನಿಂತ್ಕೋ, ಸಾಕು” ಅಂದಳು.

ಸಂಘದ ಕೋಣೆಯಲ್ಲಿ ಕುರ್ಚಿಗಳು ಸಾಲದೆ ಜನ ಮೂಟೆಗಳ ಮೇಲೆ ಕೂತಿದ್ದರು. ಅಧ್ಯಕ್ಷರ ಮೂಟೆ ಎಲ್ಲರದಕ್ಕಿಂತ ಎತ್ತರ, ಮೇಲೆ ದಿಂಬು. ಅವರು ಗಂಟಲು ಸರಿಮಾಡಿಕೊಂಡರು.

“ನೋಡಿ ಟೇಲರಕ್ಕ, ಈ ಮಾರ್ಕೆಟ್ಟು ನಮ್ಮ ತಂದೆ ಕಾಲದಿಂದ ನಂಬಿಕೆ ಮೇಲೆ ನಡ್ಕೊಂಡು ಬಂದಿದೆ. ನೀವೊಬ್ಬರು ಬಿಚ್ಚಿದ್ರೆ ಎಲ್ಲರೂ ಬಿಚ್ಚಬೇಕಾಗುತ್ತೆ. ಹಾಳು ಮಾಲು ಯಾರು ತಗೋತಾರೆ?”

“ಯಾರೂ ತಗೋಬಾರ್ದು. ಒರೆಸೋ ಬಟ್ಟೆ ಬೆಲೆಗೆ ಕೊಡಿ, ಒರೆಸೋರು ತಗೋತಾರೆ.”

“ನಷ್ಟ?”

“ಇಷ್ಟು ದಿನ ಆ ನಷ್ಟ ಇರ್ಲಿಲ್ವಾ? ಗಾಡಿಯವಳ ತಲೆ ಮೇಲಿತ್ತು. ಈಗ ನಮ್ಮ ಮೇಲೆ ಬರುತ್ತೆ. ನಾವು ಅದನ್ನ ಗೋದಾಮಿಗೆ ದಾಟಿಸೋಣ, ಅವರು ಕಳಿಸಿದೋರಿಗೆ ದಾಟಿಸ್ಲಿ. ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಸಾಕು.”

“ಮಾತು ಚೆನ್ನಾಗಿದೆ” ಎಂದು ಅಧ್ಯಕ್ಷರು ನಕ್ಕರು. “ಆದ್ರೆ ಜಾಗ ಸಂಘದ್ದು. ಬಿಚ್ಚಲ್ಲ ಅಂತ ಹೇಳಿ, ಇಲ್ಲಾಂದ್ರೆ ನಾಳೆ ಬೆಳಗ್ಗೆ ಜಾಗ ಬಿಡಿ.”

ಹೊರಗೆ ಮೆಷಿನ್ನುಗಳ ಟರ್ರೆನ್ನುವ ಸದ್ದು ಕೇಳುತ್ತಿತ್ತು. ಜಾಗ ಹೋದರೆ ಆ ಸಾಲೂ ಹೋದಂತೆಯೇ. ಅತ್ತೆಗೆ ಅದು ಗೊತ್ತಿತ್ತು. ಮತ್ತೆ ಮನೆ ಮನೆಗೆ ಹೋಗಿ ಅವರನ್ನು ಎಬ್ಬಿಸುವ ವಯಸ್ಸೂ ಅವಳದಲ್ಲ. ಅವಳು ಅಧ್ಯಕ್ಷರನ್ನು ಬಿಟ್ಟು ಅವರ ಕೆಳಗಿನ ಮೂಟೆಯನ್ನು ನೋಡಿದಳು.

“ನೀವು ಕೂತಿರೋ ಮೂಟೇಲಿ ಏನಿದೆ?”

“ಏನಿದ್ರೆ ನಿಮಗೇನು? ಗಂಡಸರ ಜಾಕೆಟ್ಟು. ಮೇಲೇ ಬರ್ದಿದೆಯಲ್ಲ.”

“ಮಾರ್ತೀರಾ?”

“ಮಾರೋಕೇ ಇರೋದು. ಮಾಮೂಲಿ ರೇಟು.”

ಅತ್ತೆ ಕೋಣೆಯ ಕಡೆ ತಿರುಗಿದಳು. “ಕೇಳಿದ್ರಲ್ಲ? ಮಾಮೂಲಿ ರೇಟು. ನಂಬಿಕೆ ಮೇಲೆ. ಯಾರು ಕೊಳ್ತೀರಿ, ಕೈ ಎತ್ತಿ.”

ಯಾರೂ ಎತ್ತಲಿಲ್ಲ. ಒಬ್ಬ ಕಿವಿ ಕೆರೆಯಲು ಎತ್ತಿದ ಕೈಯನ್ನೂ ಗಾಬರಿಯಿಂದ ಇಳಿಸಿದ. ಅಧ್ಯಕ್ಷರು ತಮ್ಮ ಸ್ವಂತ ಷಡ್ಡಕನ ಮುಖ ನೋಡಿದರು. ಷಡ್ಡಕ ತನ್ನ ಚಪ್ಪಲಿ ನೋಡಿಕೊಂಡ.

“ಸಂಘದೋರೇ ನಂಬದ ಮೂಟೆನ ಊರೋರು ಯಾಕೆ ನಂಬಬೇಕು ಸ್ವಾಮಿ?”

ಸ್ವೆಟರಣ್ಣ ಎದ್ದು ನಿಂತ. ಇಷ್ಟು ದಿನ ಅತ್ತೆಯನ್ನು ಕಿಚಾಯಿಸಿದವನು ಅವನೇ. ಆದರೆ ಕೆಲವು ವಾರಗಳಿಂದ ಪರದೆಯ ಹಿಂದೆ ಕದ್ದು ಮೂಟೆ ಬಿಚ್ಚುತ್ತಿದ್ದವನೂ ಅವನೇ. “ನಾನೂ ಬಿಚ್ತಾ ಇದೀನಿ ಅಧ್ಯಕ್ಷರೇ. ಕದ್ದು ಬಿಚ್ಚಿ ಬಿಚ್ಚಿ ಸಾಕಾಗಿದೆ, ಪರದೆ ಒಳಗೆ ಸೆಕೆ. ಅಕ್ಕನ್ನ ಎಬ್ಬಿಸೋದಾದ್ರೆ ನನ್ನನ್ನೂ ಎಬ್ಬಿಸಿ.” ಅವನ ಹಿಂದೆ ಇನ್ನೊಬ್ಬ ಎದ್ದ. ಆಮೇಲೆ ಬಾಗಿಲ ಬಳಿಯವರು. ಮೂಟೆಗಳೆಲ್ಲ ಒಂದೊಂದಾಗಿ ಉಸಿರು ಬಿಡುತ್ತಾ ಮೇಲೆದ್ದವು. ಕೊನೆಗೆ ಷಡ್ಡಕನೂ ಚಪ್ಪಲಿ ಸಿಕ್ಕಿಸಿಕೊಂಡು ಎದ್ದು ನಿಂತ.

ಎಲ್ಲರನ್ನೂ ಎಬ್ಬಿಸಿದರೆ ಶೆಡ್ಡಿನಲ್ಲಿ ಉಳಿಯುವುದು ತಾವು ಮತ್ತು ಆ ನಾಯಿ ಮಾತ್ರ ಎಂಬುದು ಅಧ್ಯಕ್ಷರಿಗೆ ಅರ್ಥವಾಯಿತು. ಮುಖ ಕಪ್ಪಿಟ್ಟಿತು. ಸೋತವರ ಕೈಯಲ್ಲಿ ಕೊನೆಗೆ ಉಳಿಯುವುದು ಮುಳ್ಳು. ಅವರು ಅದನ್ನೇ ಎಸೆದರು.

“ಆಯ್ತಮ್ಮ, ಒಂದು ಮಾತು ಕೇಳ್ತೀನಿ. ಇದೇ ಮೂಟೆ ಬಂದು ನಿಮ್ಮ ಅಂಗಡಿ ಮುಚ್ಚಿಸ್ತು. ನಿಮ್ಮ ಬೀದಿ ದರ್ಜಿಗಳನ್ನ ಮನೇಲಿ ಕೂರಿಸ್ತು. ಅದೇ ಮೂಟೆ ಮಾರಿ ಹೊಟ್ಟೆ ಹೊರ್ಕೊಂಡು, ಇವತ್ತು ನಮಗೆ ನ್ಯಾಯ ಹೇಳೋಕೆ ಬಂದಿದೀರಲ್ಲ, ಯಾವ ಮುಖ ಇಟ್ಕೊಂಡು?”

ಈ ಪ್ರಶ್ನೆ ಎಷ್ಟೋ ವರ್ಷದಿಂದ ನಮ್ಮ ಮನೆಯಲ್ಲಿ ಎಲ್ಲರ ನಾಲಿಗೆ ತುದಿಯಲ್ಲಿತ್ತು. ಅಪ್ಪನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅತ್ತೆ ಸೊಂಟದ ಕತ್ತರಿ ತೆಗೆದು ಮುಂದೆ ಬಂದಳು.

“ಇದೇ ಮುಖ ಸ್ವಾಮಿ, ಇನ್ನೊಂದು ಇಲ್ಲ. ನನ್ನ ಅಂಗಡಿ ಮುಚ್ಚಿಸ್ತು, ಬಾಯಿ ಮುಚ್ಚಿಸ್ಲಿಲ್ಲ. ಈಗ ಏಳಿ ಮೇಲೆ, ಪಟ್ಟಿ ಕತ್ತರಿಸ್ಬೇಕು.”